ವಾಟ ಯಾವ ಕಡೆಗೆ?

ಬೆಳಕವಾಡಿಯಲ್ಲಾಗಲಿ, ಮಳವಳ್ಳಿ, ಮದ್ದೂರಿನಲ್ಲಾಗಲಿ, ಹೊಸ ಮನೆಗೆ ಗುದ್ದಲಿ ಪೂಜೆಯಾಗುವ ಮುಂಚೆಯೇ ದಿಕ್ಕಿನ ಚರ್ಚೆ ಶುರುವಾಗಿರುತ್ತದೆ. ನೈಋತ್ಯ ಎತ್ತರವಿರಬೇಕು, ಈಶಾನ್ಯ ತಗ್ಗಿರಬೇಕು, ಅಂಗಳಕ್ಕೆ ಬಿದ್ದ ಮಳೆ ಈಶಾನ್ಯಕ್ಕೇ ಹರಿಯಬೇಕು ಎಂಬುದು ವಾಸ್ತು ಹೇಳುವವರ ಮೊದಲ ಪಾಠ. ನಿವೇಶನ ಹುಟ್ಟಿನಿಂದಲೇ ಹಾಗಿದ್ದರೆ ಎಲ್ಲರಿಗೂ ಸಂತೋಷ. ಆದರೆ ಕಾವೇರಿ, ಶಿಂಷಾ ಹೊಳೆಗಳ ಕಡೆಗೆ ಇಳಿಯುವ ಈ ಸೀಮೆಯ ನೆಲ ಪಂಚಾಂಗ ನೋಡಿಕೊಂಡು ಇಳಿದದ್ದಲ್ಲ. ಒಂದು ಬೀದಿ ತೆಂಕಣಕ್ಕೆ ವಾಲಿದರೆ ಮುಂದಿನ ಬೀದಿ ಪಡುವಣಕ್ಕೆ ವಾಲಿರುತ್ತದೆ. ಚರಂಡಿ ತೋಡಿರುವುದೂ ಆ ವಾಲಿದ ಕಡೆಗೇ.

ಹಿಂದೆ ನೆಲದ ಪರವಾಗಿ ಮಾತಾಡುತ್ತಿದ್ದುದು ಮೇಸ್ತ್ರಿಯ ಕೈಲಿದ್ದ ಪಾರದರ್ಶಕ ಪೈಪು. ಅದರೊಳಗೆ ನೀರು ತುಂಬಿ, ಎರಡು ತುದಿಗಳನ್ನು ಎರಡು ಗೂಟಗಳ ಬಳಿ ಹಿಡಿದರೆ ನೀರು ನಿಂತ ಗೆರೆಯೇ ಮಟ್ಟ. ಜೊತೆಗೆ ರಸಮಟ್ಟ, ಮೂಲೆಮಟ್ಟ, ತೂಕದ ಗುಂಡು, ಬಿಗಿದ ದಾರ. ಈಗ ಅದೇ ಕೆಲಸಕ್ಕೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತು ಗಿರ್ರನೆ ತಿರುಗುವ ಲೇಸರ್ ಲೆವೆಲ್ ಬಂದಿದೆ. ದೊಡ್ಡ ಗುತ್ತಿಗೆದಾರರ ಬಳಿ ಮೊದಲು ಕಂಡ ಈ ಪೆಟ್ಟಿಗೆ ನಿಧಾನಕ್ಕೆ ಸಣ್ಣ ಮನೆಗಳ ಕೆಲಸಕ್ಕೂ ಇಳಿಯುತ್ತಿದೆ. ಅದು ಬಂದ ಮೇಲೆ ಹಳೆಯ ಚರ್ಚೆಗೆ ಹೊಸ ಮೊನೆ ಬಂದಿದೆ. ನೆಲ ಎಷ್ಟು ಓರೆ, ಯಾವ ಕಡೆಗೆ ಓರೆ ಎಂಬುದರಲ್ಲಿ ಇನ್ನು ವಾದಕ್ಕೆ ಎಡೆಯಿಲ್ಲ. ಹಾಗಾದರೆ ಶಾಸ್ತ್ರ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದಾಗ ಮನೆಯೊಡೆಯ ಯಾರ ಮಾತು ಕೇಳಬೇಕು?

ವಿಜ್ಞಾನಕ್ಕೂ ಮೂಢನಂಬಿಕೆಗೂ ಜಗಳ ಎಂದು ಇದನ್ನು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಪ್ರಶ್ನೆ ಅಷ್ಟು ಅಗ್ಗದ್ದಲ್ಲ. ಯಾವ ಸಂಗತಿಗೆ ಯಾವುದು ಪ್ರಮಾಣ ಎಂದು ಈ ನೆಲದ ದಾರ್ಶನಿಕರು ಸಾವಿರಾರು ವರ್ಷ ವಾದಿಸಿದ್ದಾರೆ. ಆ ವಾದದ ಮುಂದೆ ಲೇಸರ್ ಪೆಟ್ಟಿಗೆಯನ್ನು ತಂದು ನಿಲ್ಲಿಸಿದರೆ ಎರಡರ ಸ್ವಭಾವವೂ ಬಯಲಾಗುತ್ತದೆ.

ಮೊದಲು ಪೆಟ್ಟಿಗೆ. ಒಳಗೆ ಒಂದು ಲೇಸರ್ ಡಯೋಡು. ಅದರ ಕಿರಣವನ್ನು ಪೆಂಟಾಪ್ರಿಸಂ ಎಂಬ ಗಾಜು ಕರಾರುವಾಕ್ಕಾಗಿ 90 ಡಿಗ್ರಿ ಹೊರಳಿಸುತ್ತದೆ. ಗಾಜು ತುಸು ಅಲುಗಿದರೂ ಹೊರಳುವ ಕೋನ ಬದಲಾಗುವುದಿಲ್ಲ, ಅದೇ ಅದರ ಹಿರಿಮೆ. ಈ ಗಾಜು ನಿಮಿಷಕ್ಕೆ ನೂರಾರು ಸುತ್ತು ತಿರುಗುವುದರಿಂದ ಒಂದೇ ಒಂದು ಕಿರಣ ನಿವೇಶನದ ಮೇಲೆಲ್ಲ ಹಾಸಿದ ಬೆಳಕಿನ ಹಾಳೆಯಾಗುತ್ತದೆ. ಸ್ಟ್ಯಾಂಡು ಸ್ವಲ್ಪ ಓರೆಯಾಗಿದ್ದರೆ, ಸಾಮಾನ್ಯವಾಗಿ 5 ಡಿಗ್ರಿಯವರೆಗೆ, ಪೆಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಒಳ್ಳೆಯ ಉಪಕರಣದ ತಪ್ಪು 30 ಮೀಟರ್ ದೂರಕ್ಕೆ ಸುಮಾರು ಒಂದೂವರೆ ಮಿಲಿಮೀಟರ್. 30×40 ಅಡಿಯ ನಿವೇಶನದ ಒಂದು ತುದಿಯಿಂದ ಇನ್ನೊಂದು ತುದಿಗೆ ಅದು ಒಂದು ಮಿಲಿಮೀಟರನ್ನೂ ಮುಟ್ಟದು.

ಬಿಸಿಲಿನಲ್ಲಿ ಈ ಹಾಳೆ ಕಣ್ಣಿಗೆ ಕಾಣುವುದಿಲ್ಲ. ಅಳತೆಗೋಲಿಗೆ ಸಿಕ್ಕಿಸಿದ ಡಿಟೆಕ್ಟರ್ ಅದನ್ನು ಹಿಡಿದು ಸದ್ದು ಮಾಡುತ್ತದೆ. ಮೇಲಿದ್ದರೆ ಒಂದು ಬಗೆ, ಕೆಳಗಿದ್ದರೆ ಇನ್ನೊಂದು ಬಗೆ, ಮಟ್ಟ ಸಿಕ್ಕಾಗ ಎಡೆಬಿಡದ ಒಂದೇ ಸದ್ದು. ಅಂದರೆ ಮೇಸ್ತ್ರಿ ಮಟ್ಟವನ್ನು ನೋಡುವುದಿಲ್ಲ, ಕೇಳುತ್ತಾನೆ. ಇನ್ನೊಂದು ವಿಚಿತ್ರವಿದೆ. ಕೋಲಿನ ಮೇಲಿನ ಅಂಕಿ ಹೆಚ್ಚಾದಷ್ಟೂ ನೆಲ ತಗ್ಗು. ಹೊಸಬರು ಮೊದಲು ಎಡವುವುದೇ ಇಲ್ಲಿ.

ಈ ಪೆಟ್ಟಿಗೆಯನ್ನು ಪರಕೀಯ ಎನ್ನುವುದಕ್ಕೂ ಆಧಾರವಿಲ್ಲ. ಶಾಸ್ತ್ರ ಶುರುವಾಗುವುದೇ ಮಟ್ಟದಿಂದ. ಯಜ್ಞವೇದಿಯ ಅಳತೆಯನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರ ಮೊದಲು ಕೇಳುವುದು ಸಮನಾದ ನೆಲವನ್ನು. ಅದರ ಮೇಲೆ ಗೂಟ ನೆಟ್ಟು, ಸುತ್ತ ವೃತ್ತ ಎಳೆದು, ಬೆಳಿಗ್ಗೆ ಸಂಜೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಜಾಗ ಗುರುತಿಸಿದರೆ ಪೂರ್ವ–ಪಶ್ಚಿಮ ಗೆರೆ ಸಿಗುತ್ತದೆ. ಸೂರ್ಯಸಿದ್ಧಾಂತವೂ ಅದೇ ವಿಧಾನವನ್ನು ಹೇಳಿ, ಕಲ್ಲಿನ ಮೇಲ್ಮೈಯನ್ನು ನೀರಿನಿಂದ ಪರೀಕ್ಷಿಸಿ ಮಟ್ಟಗೊಳಿಸಿರಬೇಕು ಎನ್ನುತ್ತದೆ. ನೆಲ ಓರೆಯಾಗಿದ್ದರೆ ನೆರಳು ಸುಳ್ಳು ಹೇಳುತ್ತದೆ, ನೆರಳು ಸುಳ್ಳಾದರೆ ಪೂರ್ವವೇ ಸುಳ್ಳು. ಈಶಾನ್ಯ ಎಲ್ಲಿದೆ ಎಂದು ತಿಳಿಯುವುದಕ್ಕೂ ಮೊದಲು ಮಟ್ಟ ತಿಳಿದಿರಬೇಕು. ವಾಸ್ತು ಹೇಳುವವರು ಈಗ ಮೊಬೈಲಿನ ದಿಕ್ಸೂಚಿ ನೋಡಿ ದಿಕ್ಕು ಗೊತ್ತುಮಾಡುತ್ತಾರೆ, ಹಳೆಯ ಶಾಸ್ತ್ರಕಾರರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ.

ಆದರೆ ಮಟ್ಟ ಎಂದರೇನು? ಚಪ್ಪಟೆ ಎಂದು ಉತ್ತರಿಸುವವರೇ ಹೆಚ್ಚು. ಲೇಸರಿನ ಹಾಳೆ ಚಪ್ಪಟೆ, ನಿಜ. ನಿಂತ ನೀರು ಮಾತ್ರ ಚಪ್ಪಟೆಯಲ್ಲ, ಭೂಮಿಯ ಉರುಟನ್ನೇ ಅನುಸರಿಸಿ ಬಾಗಿರುತ್ತದೆ. ಲೇಸರಿನ ಹಾಳೆಯನ್ನು ಹಾಗೇ ಬೆಳೆಸಿಕೊಂಡು ಹೋದರೆ ಒಂದು ಕಿಲೋಮೀಟರಿನಲ್ಲಿ ಅದು ನಿಂತ ನೀರಿಗಿಂತ ಸುಮಾರು 7.8 ಸೆಂಟಿಮೀಟರ್ ಮೇಲಿರುತ್ತದೆ, ಹತ್ತು ಕಿಲೋಮೀಟರಿನಲ್ಲಿ ಸುಮಾರು 7.8 ಮೀಟರ್. ಒಂದು ನಿವೇಶನದ ಅಗಲದಲ್ಲಿ ಈ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲೊಂದು ಪಾಲು, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೂ ತತ್ತ್ವದಲ್ಲಿ ಎರಡು ಬೇರೆ ಬೇರೆ: ಒಂದು ಜ್ಯಾಮಿತಿಯ ಮಟ್ಟ, ಇನ್ನೊಂದು ಭೂಮಿಯ ಸೆಳೆತ ಕೊಡುವ ಮಟ್ಟ. ಮೇಸ್ತ್ರಿಯ ಪೈಪು ತೋರಿಸುತ್ತಿದ್ದುದು ಎರಡನೆಯದನ್ನು.

ಆ ಎರಡನೆಯದೂ ಎಲ್ಲೆಡೆ ಒಂದೇ ಹದದಲ್ಲಿಲ್ಲ. ಟಿಪ್ಪು ಸುಲ್ತಾನ್ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸರ್ವೇಕ್ಷಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಹೊರಟಿತು. ಅದು ಉತ್ತರ ಭಾರತ ಮುಟ್ಟಿದಾಗ ಕಲಿಯಾನಾ ಮತ್ತು ಕಲಿಯಾನ್‌ಪುರ ಎಂಬ ಎರಡು ಠಾಣ್ಯಗಳ ನಡುವಿನ ಅಂತರ ನೆಲ ಅಳೆದಾಗ ಒಂದು, ನಕ್ಷತ್ರ ನೋಡಿದಾಗ ಇನ್ನೊಂದು ಬಂತು. ವ್ಯತ್ಯಾಸ ಬರೀ ಐದು ಸೆಕೆಂಡಿನಷ್ಟು ಕೋನ. 1855ರಲ್ಲಿ ಕಲ್ಕತ್ತಾದ ಪಾದ್ರಿ ಜಾನ್ ಪ್ರ್ಯಾಟ್ ಇದಕ್ಕೆ ಹಿಮಾಲಯವನ್ನು ಹೊಣೆ ಮಾಡಿದ: ಪರ್ವತ ತೂಕದ ಗುಂಡನ್ನು ತನ್ನತ್ತ ಎಳೆಯುತ್ತಿದೆ. ಲೆಕ್ಕ ಹಾಕಿ ನೋಡಿದರೆ ಹಿಮಾಲಯ ಎಳೆಯಬೇಕಾದಷ್ಟು ಎಳೆಯುತ್ತಲೇ ಇರಲಿಲ್ಲ. ಪರ್ವತಗಳ ಬುಡದಲ್ಲಿ ಹಗುರ ಶಿಲೆ ಇದೆ ಎಂಬ ವಿಚಾರ ಮೊಳೆತದ್ದು ಆ ಕೊರತೆಯಿಂದ. ಇನ್ನು ದಕ್ಷಿಣಕ್ಕೆ ಬಂದರೆ, ಶ್ರೀಲಂಕಾದ ಕೆಳಗಿನ ಹಿಂದೂ ಮಹಾಸಾಗರದಲ್ಲಿ ಸೆಳೆತ ಕಡಿಮೆಯಾಗಿ, ಸಮುದ್ರದ ಮಟ್ಟವೇ ಲೆಕ್ಕದ ಭೂಗೋಳಕ್ಕಿಂತ 100 ಮೀಟರಿಗೂ ಹೆಚ್ಚು ತಗ್ಗಿದೆ. ಆ ಗುಂಡಿಯ ಅಂಚು ಕರ್ನಾಟಕದವರೆಗೂ ಚಾಚಿಕೊಂಡಿದೆ. ಹಡಗಿನಲ್ಲಿ ಹೋಗುವವರಿಗೆ ಇಳಿದ ಅನುಭವವಾಗುವುದಿಲ್ಲ, ಏಕೆಂದರೆ ಅಲ್ಲಿ ನೀರಿಗೂ ಗುಂಡಿಗೂ ಅದೇ ಮಟ್ಟ.

ಇದನ್ನು ಕೇಳಿ, ಎಲ್ಲವೂ ಸಾಪೇಕ್ಷ, ಆದ್ದರಿಂದ ನನ್ನ ಈಶಾನ್ಯವೂ ಒಂದು ಮಟ್ಟವೇ ಎನ್ನುವ ಜಾಣರಿದ್ದಾರೆ. ಅವರು ಎರಡನ್ನು ಬೆರೆಸುತ್ತಾರೆ. ಅಳತೆಯ ಸೊನ್ನೆ ಮನುಷ್ಯ ಮಾಡಿಕೊಂಡದ್ದು. ಮೇಸ್ತ್ರಿ ಒಂದು ಗೂಟವನ್ನು ಸೊನ್ನೆ ಎಂದೋ 100 ಎಂದೋ ಕರೆದು ಕೆಲಸ ಶುರುಮಾಡುತ್ತಾನೆ, ಅದು ಶುದ್ಧ ವ್ಯವಹಾರ. ಆದರೆ ಆ ಗೂಟಕ್ಕಿಂತ ಈ ಮೂಲೆ ತಗ್ಗೋ ಎತ್ತರವೋ ಎಂಬುದು ಯಾರ ಒಪ್ಪಂದಕ್ಕೂ ಕಾಯುವುದಿಲ್ಲ, ನೀರು ಸುರಿದರೆ ಗೊತ್ತಾಗುತ್ತದೆ.

ಸರಿ, ಪೆಟ್ಟಿಗೆಯನ್ನಾದರೂ ಯಾಕೆ ನಂಬಬೇಕು? ಲಾರಿಯಲ್ಲಿ ಕುಲುಕಿ, ಒಮ್ಮೆ ಸ್ಟ್ಯಾಂಡಿನಿಂದ ಬಿದ್ದು, ಒಳಗಿನ ಮಟ್ಟ ಕೂದಲೆಳೆಯಷ್ಟು ಸರಿದಿದ್ದರೂ ಅದು ಅಷ್ಟೇ ಧೈರ್ಯದಿಂದ ಸದ್ದು ಮಾಡುತ್ತದೆ. ಇಲ್ಲಿ ಮೀಮಾಂಸಕರೂ ನೈಯಾಯಿಕರೂ ನೇರವಾಗಿ ಕೆಲಸಕ್ಕೆ ಬರುತ್ತಾರೆ. ಜ್ಞಾನ ಹುಟ್ಟಿದಾಗ ಅದು ಸರಿ ಎಂಬುದೂ ಜೊತೆಗೇ ತಿಳಿಯುತ್ತದೆಯೇ, ಅಥವಾ ಹೊರಗಿನಿಂದ ಪರೀಕ್ಷಿಸಿ ತಿಳಿಯಬೇಕೇ? ಹೊರಗಿನಿಂದಲೇ ಎಂದರು ನೈಯಾಯಿಕರು. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದಾಗ ದಾಹ ತೀರಿತು, ಆಗ ಕಂಡದ್ದು ನೀರೇ ಎಂದು ಖಚಿತ. ಮೀಮಾಂಸಕ ಕುಮಾರಿಲ ಒಪ್ಪಲಿಲ್ಲ. ಪ್ರತಿ ಜ್ಞಾನಕ್ಕೂ ಇನ್ನೊಂದು ಸಾಕ್ಷಿ ಬೇಕೆಂದರೆ ಆ ಸಾಕ್ಷಿಗೆ ಮತ್ತೊಂದು ಬೇಕು, ಕೊನೆಯೇ ಇಲ್ಲ. ಆದ್ದರಿಂದ ಜ್ಞಾನ ತಾನಾಗಿಯೇ ಪ್ರಮಾಣ, ಅದನ್ನು ಕೆಡಿಸುವುದು ಎರಡೇ: ಎದುರಾಗಿ ಬಂದ ಇನ್ನೊಂದು ಜ್ಞಾನ, ಇಲ್ಲವೇ ಜ್ಞಾನದ ಕರಣದಲ್ಲೇ ಕಂಡ ದೋಷ. ಉಡುಪಿಯ ಮಧ್ವಾಚಾರ್ಯರು ಸ್ವತಃಪ್ರಾಮಾಣ್ಯವನ್ನು ಒಪ್ಪಿ, ಅದನ್ನು ಗ್ರಹಿಸುವುದು ಒಳಗಿನ ಸಾಕ್ಷಿ ಎಂದರು. ಸಂಶಯ ಹುಟ್ಟಿದಾಗ ಮಾತ್ರ ಪರೀಕ್ಷೆ.

ಲೇಸರ್ ಬಳಸುವವರು ಮಾಡುವ ಪರೀಕ್ಷೆ ಕುಮಾರಿಲನ ಎರಡನೆಯ ಷರತ್ತಿಗೆ ಬರೆದ ಭಾಷ್ಯದಂತಿದೆ. ಗೋಡೆಯಿಂದ ದೂರದಲ್ಲಿ ಪೆಟ್ಟಿಗೆಯನ್ನಿಟ್ಟು ಗೋಡೆಯ ಮೇಲೆ ಕಿರಣ ಬಿದ್ದ ಜಾಗಕ್ಕೆ ಗುರುತು ಹಾಕುತ್ತಾರೆ. ಆಮೇಲೆ ಪೆಟ್ಟಿಗೆಯನ್ನು 180 ಡಿಗ್ರಿ ತಿರುಗಿಸಿ ಮತ್ತೊಂದು ಗುರುತು. ಪೆಟ್ಟಿಗೆ ಸರಿಯಿದ್ದರೆ ಎರಡೂ ಒಂದೇ. ಓರೆಯಿದ್ದರೆ ಮೊದಲು ಮೇಲಕ್ಕೆ ತಪ್ಪಿದ್ದು ಈಗ ಕೆಳಕ್ಕೆ ತಪ್ಪುತ್ತದೆ, ಎರಡು ಗುರುತುಗಳ ನಡುವಿನ ಅಂತರ ನಿಜವಾದ ತಪ್ಪಿನ ಇಮ್ಮಡಿ. ಆಮೇಲೆ ಕಾಲು ತಿರುವು ಕೊಟ್ಟು ಇನ್ನೊಂದು ಅಕ್ಷಕ್ಕೂ ಹೀಗೇ ನೋಡುತ್ತಾರೆ. ಹೊರಗಿನ ಯಾವ ಗುರುವೂ ಬೇಕಿಲ್ಲ. ಕರಣವನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಅದರ ದೋಷ ಅದರ ಬಾಯಿಂದಲೇ ಹೊರಬೀಳುತ್ತದೆ.

ಹೀಗೆ ಪರೀಕ್ಷೆಯಲ್ಲಿ ಗೆದ್ದ ಯಂತ್ರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು? ಜೈಮಿನಿಯ ಮೀಮಾಂಸಾಸೂತ್ರಗಳ ಆರಂಭದಲ್ಲೇ ಉತ್ತರವಿದೆ. ಪ್ರತ್ಯಕ್ಷ ಹಿಡಿಯುವುದು ಈಗ ಇರುವುದನ್ನು. ಧರ್ಮ ಎಂದರೆ ಇನ್ನು ಮಾಡಬೇಕಾದದ್ದು. ಆದ್ದರಿಂದ ಧರ್ಮಕ್ಕೆ ಪ್ರತ್ಯಕ್ಷ ಪ್ರಮಾಣವಾಗಲಾರದು. ಮೂಲೆ ಹನ್ನೆರಡು ಸೆಂಟಿಮೀಟರ್ ತಗ್ಗಿದೆ ಎಂದು ಲೇಸರ್ ಹೇಳೀತು, ನೀರನ್ನು ಅತ್ತ ಕಳಿಸಬೇಕು ಎಂದು ಹೇಳಲಾರದು. ಇದು ಯಂತ್ರಕ್ಕೆ ಹಾಕಿದ ಗೆರೆ. ಶಾಸ್ತ್ರಕ್ಕೂ ಅಷ್ಟೇ ಖಡಾಖಂಡಿತವಾದ ಗೆರೆಯನ್ನು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಹಾಕಿದ್ದಾರೆ: ನೂರು ಶ್ರುತಿಗಳು ಒಟ್ಟಾಗಿ ಬೆಂಕಿ ತಣ್ಣಗಿದೆ ಎಂದರೂ ಆ ಮಾತು ಪ್ರಮಾಣವಾಗದು ಎಂಬರ್ಥದಲ್ಲಿ. ವೇದಕ್ಕೇ ಈ ಕಟ್ಟುಪಾಡಾದರೆ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ವಾಸ್ತು ಪುಸ್ತಕದ ಪಾಡೇನು? ಎತ್ತರದ ಈಶಾನ್ಯಕ್ಕೆ ನೀರು ಹತ್ತುವುದಿಲ್ಲ, ನೂರು ಪುಸ್ತಕ ಹೇಳಿದರೂ.

ಉಳಿಯುವುದು ವಾಟದ ಪ್ರಶ್ನೆ. ಗಾರೆ ಕೆಲಸದವರು ಇಳಿಜಾರಿಗೆ ವಾಟ ಎನ್ನುತ್ತಾರೆ. ಬಚ್ಚಲಿಗೆ ವಾಟ ಕೊಡು, ತಾರಸಿಗೆ ವಾಟ ಸಾಲದು ಎಂದು ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು. ಮನೆ ಕಟ್ಟುವುದೆಂದರೆ ಎಲ್ಲವನ್ನೂ ಮಟ್ಟ ಮಾಡುವುದಲ್ಲ. ಗೋಡೆಯ ವರಸೆ, ಬಾಗಿಲ ಕಟ್ಟು, ಒಳಮನೆಯ ನೆಲ ಮಟ್ಟಕ್ಕಿರಬೇಕು. ಅಂಗಳ, ತಾರಸಿ, ಬಚ್ಚಲು, ಪಾಯದ ಸುತ್ತಲಿನ ಮಣ್ಣು ಮಟ್ಟ ತಪ್ಪಲೇಬೇಕು, ಅದೂ ಅಳೆದು ತಪ್ಪಬೇಕು. ಅಮೆರಿಕದ ವಸತಿ ಕಟ್ಟಡ ನಿಯಮ ಮನೆಯ ಗೋಡೆಯಿಂದ ಹೊರಕ್ಕೆ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಯಬೇಕು ಎನ್ನುತ್ತದೆ. ಪಾಯದ ಬುಡದಲ್ಲಿ ನೀರು ನಿಂತರೆ ಗೋಡೆ ತೇವ ಹೀರುತ್ತದೆ, ಮಣ್ಣು ಕುಸಿಯುತ್ತದೆ, ಬಿರುಕು ಬಿಡುತ್ತದೆ. ನಾಲೆ ನೀರಿನ ಗದ್ದೆಯಲ್ಲಿ ಮಣ್ಣು ತುಂಬಿಸಿ ನಿವೇಶನ ಮಾಡಿದ ಕಡೆ ಈ ಮಾತು ಇನ್ನೂ ಖಾರ.

ದೇವಾಲಯಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಶಿವಾಲಯದ ಗರ್ಭಗುಡಿಯಲ್ಲಿ ಪೀಠ ಕದಲದಂತೆ ಮಟ್ಟಕ್ಕಿರುತ್ತದೆ, ಅಭಿಷೇಕದ ನೀರು ಮಾತ್ರ ಓರೆ ಹಿಡಿದು ಹೊರಗೋಡೆಯ ಪ್ರನಾಳದ ಮೂಲಕ, ಸಾಮಾನ್ಯವಾಗಿ ಉತ್ತರಕ್ಕೆ, ಬೀಳುತ್ತದೆ. ಆ ನೀರಿನ ದಾರಿಗೆ ಸೋಮಸೂತ್ರ ಎಂದು ಹೆಸರು, ಶಿವನಿಗೆ ಪ್ರದಕ್ಷಿಣೆ ಬರುವವರು ಅದನ್ನು ದಾಟದೆ ಹಿಂದಿರುಗುತ್ತಾರೆ. ದೇವರ ಮೈಮೇಲಿಂದ ಹರಿದ ನೀರಿಗೂ ಹೋಗುವ ದಾರಿ ಬೇಕು ಎಂಬುದನ್ನು ಶಿಲ್ಪಿಗಳು ಮೊದಲೇ ಯೋಚಿಸಿ, ಆ ದಾರಿಯನ್ನೇ ಪೂಜೆಯ ಭಾಗ ಮಾಡಿದರು. ಉತ್ತರ ಎಂಬ ದಿಕ್ಕು ಅಲ್ಲಿ ನಡೆಯುತ್ತದೆ, ಏಕೆಂದರೆ ಜಗತಿ ಎತ್ತರದಲ್ಲಿದೆ, ಸುತ್ತ ಪ್ರಾಕಾರದಲ್ಲಿ ಜಾಗವಿದೆ, ಬೀಳುವ ನೀರು ಬಿಂದಿಗೆಗಳ ಲೆಕ್ಕದ್ದು. 30×40ರ ನಿವೇಶನಕ್ಕೆ ಈ ಮೂರೂ ಇಲ್ಲ.

ಇನ್ನು ವಾಸ್ತುಗ್ರಂಥಗಳನ್ನೇ ತೆರೆದರೆ ಈಶಾನ್ಯದ ಸೂತ್ರ ಅಂದುಕೊಂಡಷ್ಟು ಗಟ್ಟಿಯಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ನೆಲದ ಇಳಿಜಾರನ್ನು ವರ್ಣಕ್ಕೆ ತಕ್ಕಂತೆ ಹಂಚಿದ್ದಾರೆ: ಉತ್ತರಕ್ಕೆ ಇಳಿಯುವ ನೆಲ ಬ್ರಾಹ್ಮಣರಿಗೆ, ಪೂರ್ವಕ್ಕೆ ಇಳಿಯುವುದು ಕ್ಷತ್ರಿಯರಿಗೆ, ದಕ್ಷಿಣದ್ದು ವೈಶ್ಯರಿಗೆ, ಪಶ್ಚಿಮದ್ದು ಶೂದ್ರರಿಗೆ. ಬ್ರಾಹ್ಮಣರು ಬೇಕಾದರೆ ಎಲ್ಲೂ ಇರಬಹುದು ಎಂಬ ವಿನಾಯಿತಿ ಬೇರೆ. ಇಂದು ವಾಸ್ತು ಹೇಳುವ ಯಾರೂ ಗ್ರಾಹಕನ ಜಾತಿ ಕೇಳಿ ವಾಟ ಹೇಳುವುದಿಲ್ಲ, ಎಲ್ಲರಿಗೂ ಈಶಾನ್ಯವೇ. ಒಳ್ಳೆಯದಾಯಿತು. ಆದರೆ ಸದ್ದಿಲ್ಲದೆ ನಡೆದ ಈ ತಿದ್ದುಪಡಿಯಲ್ಲಿ ಒಂದು ಒಪ್ಪಿಗೆ ಅಡಗಿದೆ. ಗ್ರಂಥದ ಯಾವ ಮಾತು ನಿಲ್ಲಬೇಕು, ಯಾವುದು ಹೋಗಬೇಕು ಎಂದು ಗ್ರಂಥದ ಹೊರಗಿನ ವಿವೇಕದಿಂದ ಜನ ಈಗಾಗಲೇ ತೀರ್ಮಾನಿಸಿದ್ದಾರೆ. ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡಲು ಅಡ್ಡಿಯೇನು?

ಅದೇ ಅಧ್ಯಾಯದಲ್ಲಿ ಒಂದು ಒಳ್ಳೆಯ ಪರೀಕ್ಷೆಯೂ ಇದೆ. ಮೊಳದಷ್ಟು ಗುಂಡಿ ತೋಡಿ ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದೇ ಹೋದರೆ ಬೇಡ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು ನೀರು ಎಷ್ಟು ಇಂಗಿದೆ ಎಂದು ನೋಡುವ ಕ್ರಮವೂ ಉಂಟು. ಮಣ್ಣು ಎಷ್ಟು ಬಿಗಿ, ಎಷ್ಟು ಸಡಿಲ ಎಂದು ತಿಳಿಯಲು ಇಂದಿಗೂ ಇದು ನಾಚಿಕೆಪಡಬೇಕಾದ ಉಪಾಯವಲ್ಲ. ಶಾಸ್ತ್ರದಲ್ಲಿ ಪರೀಕ್ಷೆಯೂ ಇದೆ, ಪಂಕ್ತಿಭೇದವೂ ಇದೆ. ಚಲಾವಣೆಯಲ್ಲಿ ಉಳಿದದ್ದು ಇವೆರಡೂ ಅಲ್ಲ, ದಿಕ್ಕಿನ ಹೆದರಿಕೆ.

ಬೆಳಕವಾಡಿಯ ಸುತ್ತಲಿನ ಸೀಮೆಗೆ ಇನ್ನೊಂದು ಶಾಸ್ತ್ರವೂ ಇದೆ, ಅದು ತಾಳೆಗರಿಯದಲ್ಲ, ಬಾಯಿಮಾತಿನದು. ಸಮೀಪದ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಗದ್ದುಗೆಯಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಅವರ ಕಾವ್ಯದಲ್ಲಿ ಎರಡು ಭಾಗಗಳು ಈ ಪ್ರಶ್ನೆಗೆ ತೀರ ಹತ್ತಿರ. ಒಂದು, ಹಲಗೂರಿನ ಕಬ್ಬಿಣ ಭಿಕ್ಷೆ. ಗುರುವಿನ ಅಪ್ಪಣೆಯಂತೆ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣ ಬೇಡಲು ಹೋಗುತ್ತಾನೆ, ಅವರು ಅವನನ್ನು ಸುಲಭಕ್ಕೆ ಬಿಡುವುದಿಲ್ಲ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಲೋಹ ಮತ್ತು ಸಲಕರಣೆ ಯಾರ ಕೈಯಲ್ಲಿದೆಯೋ ಅವರ ಮುಂದೆ ಗುರುಮಠವೂ ಕೈಚಾಚಿ ನಿಲ್ಲಬೇಕು ಎಂಬ ಅರಿವು ಆ ಹಾಡಿನಲ್ಲಿದೆ. ಆಯುಧಪೂಜೆಯ ದಿನ ಕರಣೆ, ಗುಂಡು, ಗುದ್ದಲಿಗಳ ಸಾಲಿನಲ್ಲಿ ಲೇಸರ್ ಪೆಟ್ಟಿಗೆಗೂ ಹೂವು ಕುಂಕುಮ ಸಲ್ಲುವುದರ ಹಿಂದೆ ಇರುವುದೂ ಅಂಥ ಅರಿವೇ ಇರಬೇಕು. ಕುಂಕುಮ ಪ್ರಿಸಂ ಗಾಜಿಗೆ ಮೆತ್ತದಂತೆ ನೋಡಿಕೊಂಡರೆ ಸಾಕು. ಆ ದಿನ 180 ಡಿಗ್ರಿಯ ಪರೀಕ್ಷೆಯನ್ನೂ ಮುಗಿಸಿಬಿಟ್ಟರೆ ವಿಶ್ವಕರ್ಮನಿಗೆ ಬೇಸರವಾಗಲಿಕ್ಕಿಲ್ಲ.

ಎರಡನೆಯದು ಕಲ್ಯಾಣದ ಭಾಗ. ಎಲ್ಲರೂ ಸಮಾನರೆಂದು ಹೆಸರಾದ ಕಲ್ಯಾಣಕ್ಕೆ ಮಂಟೇಸ್ವಾಮಿಯವರು ಕೀಳೆನಿಸಿಕೊಂಡವರ ವೇಷದಲ್ಲಿ ಹೋಗುತ್ತಾರೆ. ಬಾಗಿಲಲ್ಲೇ ತಡೆಯಾಗುತ್ತದೆ. ಒಳಗೆ ಕೂತವರಿಗೆ ಮಟ್ಟವಾಗಿ ಕಂಡ ಅಂಗಳ ಹೊಸ್ತಿಲಾಚೆ ನಿಂತವರಿಗೆ ಏರು. ಮಟ್ಟದ ಬಗ್ಗೆ ಈ ಕಾವ್ಯ ಹೇಳುವುದನ್ನು ವಾಸ್ತುಗ್ರಂಥ ಹೇಳಲಿಲ್ಲ: ಅಳತೆಯನ್ನು ಕೆಳಗಿನ ಕಡೆಯಿಂದಲೂ ತೆಗೆಯಬೇಕು. ಇದೇ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ನಡೆಯುತ್ತದೆ, ಜಾತಿ ಕೇಳದೆ ಒಂದೇ ನೆಲದ ಮೇಲೆ ಸಾಲಾಗಿ ಕೂತು ಉಣ್ಣುವುದು. ಆ ನೆಲ ರಸಮಟ್ಟಕ್ಕೆ ಒಪ್ಪುವಷ್ಟು ಸಮನಾಗಿರುತ್ತದೆಯೇ ಎಂದು ಯಾರೂ ನೋಡುವುದಿಲ್ಲ.

ವಾಟದ ಧರ್ಮವನ್ನು ಈ ಕಡೆಯಿಂದ ನೋಡಿದರೆ ದಿಕ್ಕು ಹಿಂದೆ ಸರಿಯುತ್ತದೆ, ನೆರೆಯವರು ಮುಂದೆ ಬರುತ್ತಾರೆ. ನನ್ನ ಅಂಗಳದಿಂದ ಇಳಿದ ನೀರು ಯಾರ ಅಂಗಳಕ್ಕೆ ಏರುತ್ತದೆ? 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಇದನ್ನು ಒಂದು ಉದಾಹರಣೆಯಲ್ಲಿ ಹಿಡಿದಿಟ್ಟಿದೆ. ಮೇಲಿನ ಜಮೀನಿಗೆ ಬಿದ್ದು, ಗೊತ್ತಾದ ಕಾಲುವೆಯಿಲ್ಲದೆ ಸಹಜವಾಗಿ ಹರಿಯುವ ನೀರನ್ನು ಕೆಳಗಿನ ಜಮೀನಿನವನು ಹರಿಯಗೊಡಬೇಕು. ಸಹಜವಾಗಿ ಎಂಬಲ್ಲೇ ಎಲ್ಲ ಇದೆ. ಹತ್ತು ಲೋಡು ಮಣ್ಣು ಹೊಡೆಸಿ, ಜೆಸಿಬಿಯಿಂದ ನೈಋತ್ಯ ಎತ್ತರಿಸಿದ ಮೇಲೆ ಹರಿಯುವುದು ಸಹಜದ ನೀರಲ್ಲ, ಮನೆಯೊಡೆಯ ಕಳಿಸಿದ ನೀರು.

ಮಂಡ್ಯ ಜಿಲ್ಲೆಗೆ ಮೇಲಿನವರು ಕೆಳಗಿನವರು ಎಂಬ ಲೆಕ್ಕವನ್ನು ಬೇರೆ ಯಾರೂ ಕಲಿಸಬೇಕಿಲ್ಲ. ಇಲ್ಲಿಯ ಬದುಕು ನಿಂತಿರುವುದೇ ಒಂದು ಅಳೆದ ವಾಟದ ಮೇಲೆ. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಬಳಿ ಸುರಂಗದೊಳಗೆ ಏರನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಇಳಿಯಿತು. ನಾಲೆ ಕಟ್ಟುವ ಎಂಜಿನಿಯರನಿಗೆ ಎತ್ತರವೇ ಬಂಡವಾಳ: ಆದಷ್ಟು ಕಡಿಮೆ ಇಳಿಸಿಕೊಂಡು ಆದಷ್ಟು ದೂರ ಒಯ್ಯಬೇಕು. ಬೆಳಕವಾಡಿಗೆ ದೂರವಲ್ಲದ ಶಿವನಸಮುದ್ರದಲ್ಲಿ ಲೆಕ್ಕ ತಿರುಗುಮುರುಗು. ಕಾವೇರಿಯ ನೀರನ್ನು ಸಣ್ಣ ವಾಟದ ಕಾಲುವೆಯಲ್ಲಿ ಎತ್ತರ ಕಾಯ್ದುಕೊಂಡು ತಂದು, ಆಮೇಲೆ ಕೊಳವೆಗಳಲ್ಲಿ ಸುಮಾರು 400 ಅಡಿ ಒಮ್ಮೆಗೇ ಬೀಳಿಸಿ, 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಎರಡು ಕಡೆಯೂ ಅದೇ ನದಿ, ಅದೇ ಮಟ್ಟದ ಶಾಸ್ತ್ರ. ವಾಟ ಎಷ್ಟು, ಎಲ್ಲಿ ಎಂಬುದನ್ನು ಉದ್ದೇಶ ಗೊತ್ತುಮಾಡಿತು.

ನಾಲೆಯ ಕೊನೆಯಂಚಿನ ರೈತ ನೀರು ತಲುಪಲಿಲ್ಲ ಎಂದು ಮೇಲಿನವರನ್ನು ದೂರುತ್ತಾನೆ. ಅದೇ ರೈತ ತಮಿಳುನಾಡಿಗೆ ನೀರು ಬಿಡುವಾಗ ಮೇಲಿನವನಾಗಿ ಹೆದ್ದಾರಿಗೆ ಇಳಿಯುತ್ತಾನೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75ಕ್ಕೆ ತಂದಾಗ, ಹರಿಯುವ ನದಿಗೆ ಯಾವ ಒಂದು ರಾಜ್ಯವೂ ಒಡೆಯನಲ್ಲ ಎಂಬುದನ್ನೂ ಹೇಳಿತು. ಮೇಲೆ ಇರುವುದು ಹಕ್ಕಲ್ಲ, ಒಂದು ಸ್ಥಾನ ಅಷ್ಟೆ. ಯಾವ ದಿಕ್ಕಿನ ಶಾಸ್ತ್ರವೂ ಈ ಮಾತನ್ನು ಇಷ್ಟು ಬಿಚ್ಚಿ ಹೇಳಿಲ್ಲ.

ಹಾಗೆಂದು ಬೆಳಕವಾಡಿಯ ಮನೆಯೊಡೆಯನಿಗೆ ಈಶಾನ್ಯವನ್ನು ಬಿಟ್ಟುಬಿಡು ಎನ್ನುವುದು ಸುಲಭವಲ್ಲ. ಮನೆಯಲ್ಲಿ ಕಾಯಿಲೆಯೋ ಸಾಲವೋ ಬಂದಾಗ ನೆಂಟರು ಮೊದಲು ತೋರಿಸುವುದೇ ಆ ಮೂಲೆಯನ್ನು. ಆದ್ದರಿಂದ ಎಲ್ಲ ಕಡೆ ನಡೆಯುವುದು ರಾಜಿ. ಸಂಪನ್ನು ಈಶಾನ್ಯದಲ್ಲಿ ತೋಡಿಸುತ್ತಾರೆ, ಒಳಮನೆಯ ನೆಲಕ್ಕೆ ಕಣ್ಣಿಗೆ ಕಾಣದಷ್ಟು ವಾಟವನ್ನು ಅತ್ತ ಕೊಡಿಸುತ್ತಾರೆ, ಮಳೆನೀರನ್ನು ಅಲ್ಲಿ ಕೂಡಿಸಿ ನೆಲದಡಿಯ ಪೈಪಿನಲ್ಲಿ ಚರಂಡಿ ಇರುವ ಕಡೆಗೆ ತಿರುಗಿಸುತ್ತಾರೆ. ಮೇಲೆ ನಂಬಿಕೆಯ ವಾಟ, ಕೆಳಗೆ ನೀರಿನ ವಾಟ. ಇದನ್ನು ಬೂಟಾಟಿಕೆ ಎನ್ನಬೇಕಿಲ್ಲ, ಯಾರ ಅಂಗಳಕ್ಕೂ ನೀರು ನುಗ್ಗದಿದ್ದರೆ ಇದೂ ಒಂದು ಧರ್ಮಸಮ್ಮತ ದಾರಿಯೇ.

ಈ ದಾರಿಗೂ ಲೇಸರ್ ಲೆಕ್ಕ ಕೇಳುತ್ತದೆ. ನೆಲ ಸಹಜವಾಗಿ ಈಶಾನ್ಯದಿಂದ ನೈಋತ್ಯಕ್ಕೆ ಒಂದು ಅಡಿ ಇಳಿದಿದೆ, ನೈಋತ್ಯದ ಚರಂಡಿ ಅಲ್ಲಿಯ ನೆಲಕ್ಕಿಂತ ಒಂದೂವರೆ ಅಡಿ ಆಳ ಎಂದಿಟ್ಟುಕೊಳ್ಳಿ. ಈಶಾನ್ಯದ ನೆಲದಿಂದ ಚರಂಡಿಯ ತಳಕ್ಕೆ ಒಟ್ಟು 30 ಇಂಚು. 30×40ರ ನಿವೇಶನದ ಮೂಲೆಯಿಂದ ಮೂಲೆಗೆ 50 ಅಡಿ. ಪೈಪಿಗೆ ಅರವತ್ತಕ್ಕೊಂದರ ವಾಟ ಕೊಟ್ಟರೆ 10 ಇಂಚು ಇಳಿಯಬೇಕು, ಶುರುವಿನಲ್ಲಿ ಒಂದು ಅಡಿ ಆಳದಲ್ಲಿದ್ದರೆ ಕೊನೆಗೆ 22 ಇಂಚು. ಸರಿಹೋಯಿತು. ಆದರೆ ಈಶಾನ್ಯ ತಗ್ಗಬೇಕೆಂದು ಅಲ್ಲಿ ಒಂದು ಅಡಿ ಮಣ್ಣು ತೆಗೆಸಿದರೆ 22 ಇಂಚು 34 ಆಗುತ್ತದೆ, ಪೈಪು ಚರಂಡಿಯ ತಳಕ್ಕಿಂತ ನಾಲ್ಕು ಇಂಚು ಕೆಳಗೆ ಬಾಯಿ ತೆರೆಯುತ್ತದೆ. ಚರಂಡಿ ತುಂಬಿದ ದಿನ ಊರಿನ ನೀರೆಲ್ಲ ಈಶಾನ್ಯಕ್ಕೇ ಬಂದು ನಿಲ್ಲುತ್ತದೆ. ಶಾಸ್ತ್ರ ಕೇಳಿದ್ದು ಅದನ್ನೇ ಎಂದು ನಗಲೂಬಹುದು.

ಆ ನಾಲ್ಕು ಇಂಚನ್ನು ತಪ್ಪಿಸಿಕೊಳ್ಳಲು ಬಹಳ ಮಂದಿ ಈಶಾನ್ಯ ತೋಡುವ ಬದಲು ಉಳಿದದ್ದನ್ನೆಲ್ಲ ಎತ್ತರಿಸುತ್ತಾರೆ. ಪಾಯ ಮೂರಡಿ ಏರುತ್ತದೆ. ಮುಂದಿನ ಮಳೆಗಾಲಕ್ಕೆ ಪಕ್ಕದವರ ಜಗಲಿಗೆ ನೀರು ಬರುತ್ತದೆ, ಅವರು ಕಟ್ಟುವಾಗ ನಾಲ್ಕಡಿ ಏರಿಸುತ್ತಾರೆ. ರಸ್ತೆಗೆ ಹಳೆಯ ಪದರ ಕೀಳದೆ ಮೇಲೆ ಮೇಲೆ ಡಾಂಬರು ಬೀಳುತ್ತಾ ಅದೂ ಎದ್ದು ನಿಲ್ಲುತ್ತದೆ, ಬೀದಿಯ ಹೆಂಚಿನ ಮನೆಗಳವರು ರಸ್ತೆಯಿಂದ ಒಳಮನೆಗೆ ಮೆಟ್ಟಿಲು ಇಳಿದು ಹೋಗುವ ಹಾಗಾಗುತ್ತದೆ. ಆ ಮನೆಗಳಿಗೆ ವಾಸ್ತುದೋಷ ಹುಟ್ಟಿಸಿದ್ದು ಯಾವ ದಿಕ್ಕೂ ಅಲ್ಲ, ಅಕ್ಕಪಕ್ಕದವರ ಎತ್ತರ. ಇದನ್ನು ಕಂಡುಂಡ ಮೇಸ್ತ್ರಿ ಸ್ಟ್ಯಾಂಡು ನೆಟ್ಟು ಪೆಟ್ಟಿಗೆ ತಿರುಗಲು ಬಿಟ್ಟಮೇಲೆ ಮೊದಲ ಅಳತೆಯನ್ನು ಚರಂಡಿಯ ತಳದಲ್ಲಿ ತೆಗೆದುಕೊಳ್ಳುತ್ತಾನೆ, ಎರಡನೆಯದನ್ನು ಪಕ್ಕದ ಮನೆಯ ಹೊಸ್ತಿಲಲ್ಲಿ. ಮನೆಯೊಡೆಯ ಈಶಾನ್ಯದ ಗೂಟ ತೋರಿಸುವುದು ಆಮೇಲೆ.